ಹಲ್ಲು ನೋಡಿ ಕಣಕ್ಕೆ ಬಿಡಿ: ಆರ್‌ಸಿ ಕಾರಿನ ಓಟ ಕಟ್ಟುವವರಿಗೆ ಮೊದಲ ಪಾಠ

ಕಾರ ಹುಣ್ಣಿಮೆಯ ಹೊತ್ತಿಗೆ ನಮ್ಮ ಸೀಮೆಯಲ್ಲಿ ಎತ್ತುಗಳಿಂದ ಕಲ್ಲು ಎಳೆಸುವ ಪಂದ್ಯ ನೋಡಿದ್ದೀರಲ್ಲ? ನೊಗ ಹೂಡುವ ಮೊದಲು ಹಿರಿಯರೊಬ್ಬರು ಬಂದು, ಎತ್ತಿನ ಮೂಗುದಾರ ಹಿಡಿದು, ಕೆಳದುಟಿ ಸರಿಸಿ ಹಲ್ಲು ಎಣಿಸುತ್ತಾರೆ. ಹಾಲುಹಲ್ಲಿನವು ಒಂದು ಗುಂಪು, ಎರಡು ಹಲ್ಲಿನವು ಇನ್ನೊಂದು. ನಾಲ್ಕು, ಆರು, ಬಾಯಿಗೂಡಿದವು ಹೀಗೆ ಮುಂದಕ್ಕೆ. ಆದೋನಿ, ಕರ್ನೂಲು ಕಡೆಯ ಪಂದ್ಯಗಳಲ್ಲೂ ಇದೇ ಲೆಕ್ಕ. ರಾಯಚೂರಿನ ಮುಂಗಾರು ಹಬ್ಬದಲ್ಲಿ ಒಂದೂವರೆ ಟನ್, ಎರಡು ಟನ್, ಎರಡೂವರೆ ಟನ್ ಕಲ್ಲುಗಳಿಗೆ ಬೇರೆ ಬೇರೆ ದಿನವನ್ನೇ ಇಡುತ್ತಾರೆ. ಪ್ರತಿ ಜೋಡಿಗೂ ಸಿಗುವುದು ಒಂದೇ ಸಮಯ. ಆ ಸಮಯದೊಳಗೆ ಕಲ್ಲು ಎಷ್ಟು ಅಡಿ ಸರಿಯಿತು ಎಂದು ಅಳೆದು ಬರೆಯುತ್ತಾರೆ.

ರಿಮೋಟಿನಲ್ಲಿ ಓಡುವ ಆರ್‌ಸಿ ಕಾರುಗಳ ಪಂದ್ಯ ನಡೆಸಬೇಕು, ಹೇಗೆ ಶುರು ಮಾಡುವುದು ಎಂದು ಬಳ್ಳಾರಿ, ಕುರುಗೋಡು, ಸಿರುಗುಪ್ಪದ ಹುಡುಗ ಹುಡುಗಿಯರು ಕೇಳಿದಾಗಲೆಲ್ಲ ನಾನು ಮೊದಲು ಹೇಳುವುದು ಈ ಹಲ್ಲಿನ ಲೆಕ್ಕವನ್ನೇ. ಪಂದ್ಯ ಕಟ್ಟುವ ಬುದ್ಧಿ ನಿಮ್ಮ ಊರಿನಲ್ಲೇ ಇದೆ. ಕಾರಿಗೆ ಅದನ್ನು ಹೊಂದಿಸಿಕೊಳ್ಳುವುದು ಹೇಗೆ ಎಂಬುದಷ್ಟೇ ಇವತ್ತಿನ ಪಾಠ.

ಮೊದಲು ಕಾರಿನ ಪರಿಚಯ ಆಗಲಿ. ಜಾತ್ರೆಯಲ್ಲಿ ಸಿಗುವ ರಿಮೋಟ್ ಕಾರಿಗೆ ಪೂರ್ತಿ ಎಡ, ಪೂರ್ತಿ ಬಲ, ಮುಂದೆ, ಹಿಂದೆ ಇಷ್ಟೇ ಗೊತ್ತು. ಕೆಟ್ಟರೆ ಬಿಸಾಡಬೇಕು. ಓಟಕ್ಕೆ ಬಳಸುವ ಕಾರನ್ನು ಹಾಬಿ ಗ್ರೇಡ್ ಎನ್ನುತ್ತಾರೆ. ಅದರಲ್ಲಿ ನೀವು ಎಷ್ಟು ತಿರುಗಿಸಿದರೆ ಚಕ್ರವೂ ಅಷ್ಟೇ ತಿರುಗುತ್ತದೆ, ಎಷ್ಟು ಒತ್ತಿದರೆ ವೇಗವೂ ಅಷ್ಟೇ. ಪ್ರತಿಯೊಂದು ಭಾಗವನ್ನೂ ಬಿಚ್ಚಿ ಬದಲಿಸಬಹುದು. ಕೈಯಲ್ಲಿರುವುದು ಟ್ರಾನ್ಸ್‌ಮಿಟರ್, ಕಾರಿನೊಳಗೆ ಅದರ ಮಾತು ಕೇಳುವುದು ರಿಸೀವರ್. ಚಕ್ರ ತಿರುಗಿಸುವ ಪುಟ್ಟ ಮೋಟಾರಿಗೆ ಸರ್ವೋ ಎಂದು ಹೆಸರು. ದೊಡ್ಡ ಮೋಟಾರಿಗೆ ಬ್ಯಾಟರಿಯಿಂದ ಕರೆಂಟನ್ನು ಅಳೆದು ಕೊಡುವುದು ಇಎಸ್‌ಸಿ. ನಿಜವಾದ ಕಾರಿನ ಹತ್ತನೇ ಒಂದು ಅಳತೆಯದು ಹೊಸಬರಿಗೆ ಒಳ್ಳೆಯದು. ಒಂದೂವರೆ ಕಿಲೋ ಆಸುಪಾಸು ತೂಗುತ್ತದೆ, ಮಣ್ಣಿನಲ್ಲೂ ಓಡುತ್ತದೆ, ಬಿಡಿಭಾಗವೂ ಸುಲಭವಾಗಿ ಸಿಗುತ್ತದೆ.

ಈ ಆಟ ಮೊನ್ನೆ ಮೊನ್ನೆಯದಲ್ಲ. ಅಮೆರಿಕದಲ್ಲಿ ಇದರ ನಿಯಮ ನೋಡಿಕೊಳ್ಳುವ ರೋರ್ ಸಂಸ್ಥೆ 1967ರಿಂದಲೇ ಇದೆ. ಯೂರೋಪಿನಲ್ಲಿ ಎಫ್ರಾ ಇದೆ, ಏಷ್ಯಾದ ಪೂರ್ವಭಾಗಕ್ಕೆ ಫೆಮ್ಕಾ ಇದೆ, ಎಲ್ಲಕ್ಕೂ ಮೇಲೆ ಇಫ್ಮಾರ್. ಜಪಾನಿನ ತಮಿಯಾ ಕಂಪನಿ ತನ್ನ ಮೊದಲ ಎಲೆಕ್ಟ್ರಿಕ್ ಆರ್‌ಸಿ ಕಾರಾದ ಪೋರ್ಷೆ 934 ಅನ್ನು ತಂದದ್ದು 1976ರಲ್ಲಿ. ಹತ್ತನೇ ಒಂದು ಅಳತೆಯ ಮಣ್ಣಿನ ಓಟಕ್ಕೆ ಮೊದಲ ವಿಶ್ವ ಚಾಂಪಿಯನ್‌ಶಿಪ್ 1985ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಡೆಯಿತು. ಇಷ್ಟು ವರ್ಷ ಓಡಿಸಿ, ಜಗಳವಾಡಿ, ತಿದ್ದಿಕೊಂಡು ಬಂದ ನಿಯಮಗಳಲ್ಲಿ ನಮಗೆ ಬೇಕಾದವನ್ನು ಮಾತ್ರ ತೆಗೆದುಕೊಳ್ಳೋಣ. ಅವರ ಪುಸ್ತಕವನ್ನು ಪೂರ್ತಿ ತಂದು ಹೊಸಬರ ಮುಂದಿಟ್ಟರೆ ಯಾರೂ ಓದುವುದಿಲ್ಲ.

ನನಗೆ ಈ ನಿಯಮಗಳ ಮೇಲೆ ಇಷ್ಟೊಂದು ಕಾಳಜಿ ಬಂದದ್ದು ಒಂದು ಮಧ್ಯಾಹ್ನದಿಂದ. ಹಲವು ವರ್ಷಗಳ ಹಿಂದೆ ಒಂದು ಕಾಲೇಜಿನ ಹಬ್ಬಕ್ಕೆ ಆರ್‌ಸಿ ಓಟದ ತೀರ್ಪುಗಾರನಾಗಿ ಕರೆದಿದ್ದರು. ಬಂದವರು ಹದಿನಾಲ್ಕು ಜನ. ಒಬ್ಬನ ಹತ್ತಿರ ಮೂರು ಸೆಲ್ ಬ್ಯಾಟರಿಯ, ಬಹಳ ವೇಗದ ಬ್ರಶ್‌ಲೆಸ್ ಮೋಟಾರಿನ ಕಾರಿತ್ತು. ಸಿರುಗುಪ್ಪದ ಕಡೆಯ ಹುಡುಗನೊಬ್ಬ ಭತ್ತದ ಕೊಯ್ಲಿನಲ್ಲಿ ದುಡಿದ ಕೂಲಿಯಿಂದ ಕೊಂಡ ಸಾದಾ ಮೋಟಾರಿನ ಕಾರು ತಂದಿದ್ದ. ಇಬ್ಬರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿದೆವು. ಹುಡುಗ ಚೆನ್ನಾಗಿಯೇ ಓಡಿಸಿದ, ಒಮ್ಮೆಯೂ ಪಲ್ಟಿ ಹೊಡೆಯಲಿಲ್ಲ. ಆದರೂ ನಾಲ್ಕು ಸುತ್ತು ಹಿಂದೆ ಬಿದ್ದ. ನಾಲ್ಕೋ ಐದೋ ಎಂಬುದೂ ಖಚಿತವಿರಲಿಲ್ಲ, ಏಕೆಂದರೆ ಸುತ್ತು ಎಣಿಸಲು ಯಾರನ್ನೂ ಕೂರಿಸಿರಲಿಲ್ಲ. ಮುಂದಿನ ಸರದಿಯಲ್ಲಿ ಎಣಿಕೆಗೇ ಜಗಳ ಹತ್ತಿ, ಬಹುಮಾನ ಕೊಡದೆಯೇ ಪಂದ್ಯ ಮುಗಿಯಿತು. ಆ ಹುಡುಗ ಕಾರನ್ನು ಟವೆಲಿನಲ್ಲಿ ಸುತ್ತಿ, ಕೈಚೀಲಕ್ಕೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದ. ಮತ್ತೆ ಯಾವ ಪಂದ್ಯದಲ್ಲೂ ಅವನನ್ನು ಕಾಣಲಿಲ್ಲ. ತೀರ್ಪುಗಾರನಾಗಿ ನಿಂತಿದ್ದವನು ನಾನು. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಆದ್ದರಿಂದ ಒಂದು ನಿಯಮ ಬೇಕೋ ಬೇಡವೋ ಎಂಬ ಪ್ರಶ್ನೆ ಬಂದಾಗ ನಾನು ಕೇಳಿಕೊಳ್ಳುವುದು ಒಂದೇ: ಕೊನೆಯ ಸ್ಥಾನ ಬಂದವನು ಮುಂದಿನ ಭಾನುವಾರ ಮತ್ತೆ ಬರಲು ಇದು ನೆರವಾಗುತ್ತದೆಯೇ? ಗೆದ್ದವನು ಹೇಗೂ ಬರುತ್ತಾನೆ.

ಈಗ ಹಲ್ಲು ನೋಡುವ ಕೆಲಸ. ಕಾರಿಗೆ ಹಲ್ಲು ಎಂದರೆ ಮೂರು: ಮೋಟಾರು, ಬ್ಯಾಟರಿ, ಟೈರು. ಸಾದಾ ಮೋಟಾರನ್ನು ಬ್ರಶ್ಡ್ ಎನ್ನುತ್ತಾರೆ, ಬೆಲೆ ಕಡಿಮೆ, ವೇಗವೂ ಕಡಿಮೆ. ಬ್ರಶ್‌ಲೆಸ್ ಮೋಟಾರನ್ನು ತಂತಿಯ ಸುತ್ತುಗಳ ಲೆಕ್ಕದಲ್ಲಿ ಗುರುತಿಸುತ್ತಾರೆ: 21.5, 17.5, 13.5, 10.5. ಸುತ್ತು ಕಡಿಮೆಯಾದಷ್ಟೂ ವೇಗ ಹೆಚ್ಚು, ಇದನ್ನು ಹೊಸಬರು ತಿರುಗಾಮುರುಗಾ ತಿಳಿಯುವುದುಂಟು. ಮೊದಲ ವರ್ಷ ನೀವು ಎರಡೇ ವರ್ಗ ಮಾಡಿ. ಒಂದು, ಪೆಟ್ಟಿಗೆಯಿಂದ ತೆಗೆದ ಹಾಗೇ ಇರುವ ಬ್ರಶ್ಡ್ ಕಾರುಗಳದು. ಇನ್ನೊಂದು, 17.5 ಮೋಟಾರಿನದು. ಆರು ವರ್ಗ ಮಾಡಿದರೆ ಪ್ರತಿಯೊಂದಕ್ಕೂ ಮೂರು ಜನ ಸಿಗುತ್ತಾರೆ, ಎಲ್ಲರಿಗೂ ಬಹುಮಾನ ಬರುತ್ತದೆ, ಯಾರಿಗೂ ಓಡಿದ ತೃಪ್ತಿ ಇರುವುದಿಲ್ಲ. ಒಂದು ವರ್ಗಕ್ಕೆ ಆರು ಜನ ಸೇರದಿದ್ದರೆ ಆ ದಿನ ಅದನ್ನು ನಡೆಸುವುದಿಲ್ಲ ಎಂದು ಬರೆದೇ ಬಿಡಿ.

ಬ್ಯಾಟರಿ ನೋಡುವುದು ಇನ್ನೂ ಸುಲಭ. ಲಿಪೋ ಬ್ಯಾಟರಿಯ ಒಂದು ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್. ಎರಡು ಸೆಲ್ಲಿನದು 8.4, ಮೂರು ಸೆಲ್ಲಿನದು 12.6. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಮಲ್ಟಿಮೀಟರ್ ಒಂದಿದ್ದರೆ ಹತ್ತು ಸೆಕೆಂಡಿನ ಕೆಲಸ. ಎರಡು ಸೆಲ್ಲೇ ಮಿತಿ ಎಂದಿಟ್ಟುಕೊಂಡು ಪ್ರತಿ ಓಟಕ್ಕೂ ಮೊದಲು ಅಳೆಯಿರಿ, 8.4ಕ್ಕಿಂತ ಮೇಲೆ ತೋರಿಸಿದರೆ ಕಾರು ಕಣಕ್ಕೆ ಇಳಿಯಬಾರದು. ಗೆಳೆಯನದ್ದು, ಸಂಘಟಕನ ತಮ್ಮನದ್ದು ಎಂದು ಬಿಡಬೇಡಿ. ನನ್ನ ಕೇಳಿದರೆ, ಮೊದಲು ಅಳೆಯಬೇಕಾದದ್ದು ಸಂಘಟಕನ ಕಾರನ್ನೇ, ಅದೂ ಎಲ್ಲರೂ ನೋಡುವಂತೆ.

ಟೈರಿನ ಮಾತು ಸ್ವಲ್ಪ ಸೂಕ್ಷ್ಮ. ಹೊರದೇಶದ ಕ್ಲಬ್ಬುಗಳು ಕಂಡುಕೊಂಡ ಸಂಗತಿ ಏನೆಂದರೆ, ಮೋಟಾರು ಬ್ಯಾಟರಿ ಸಮ ಮಾಡಿದರೂ ಹಣವಿದ್ದವರು ಪ್ರತಿ ಓಟಕ್ಕೂ ಹೊಸ ಟೈರು ಹಾಕಿ ಮುಂದೆ ಹೋಗುತ್ತಾರೆ. ಅದಕ್ಕೆ ಹಲವು ಕಡೆ ಎಲ್ಲರಿಗೂ ಒಂದೇ ಬಗೆಯ ಟೈರು ಎಂಬ ನಿಯಮವಿದೆ. ನೀವೂ ಹಾಗೇ ಮಾಡಿ. ಎಲ್ಲರಿಗೂ ಸೇರಿಸಿ ಒಟ್ಟಿಗೆ ತರಿಸಿದರೆ ಬೆಲೆಯೂ ಇಳಿಯುತ್ತದೆ. ಟೈರಿನ ಒಳಬದಿಗೆ ಗುರುತು ಹಾಕಿ, ವರ್ಷಕ್ಕೆ ಎರಡು ಜೋಡಿಗಿಂತ ಹೆಚ್ಚಿಲ್ಲ ಎಂದು ಗೊತ್ತುಮಾಡಿಕೊಳ್ಳಿ.

ರಿಮೋಟಿನ ತರಂಗದ ಬಗ್ಗೆಯೂ ಎರಡು ಮಾತು. ಹಳೆಯ 27 ಮೆಗಾಹರ್ಟ್ಜ್ ರಿಮೋಟುಗಳಿಗೆ ಕಂದು, ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ ಎಂದು ಬಣ್ಣ ಕೊಟ್ಟ ಆರು ಚಾನೆಲ್ ಇದ್ದವು. ಒಂದೇ ಬಣ್ಣದ ಇಬ್ಬರು ರಿಮೋಟ್ ಹಚ್ಚಿದರೆ ಇವನ ಕಾರು ಅವನ ಮಾತು ಕೇಳುತ್ತಿತ್ತು. ಆಗಿನ ಕ್ಲಬ್ಬುಗಳು ಹಲಗೆಯೊಂದಕ್ಕೆ ಬಣ್ಣದ ಬಟ್ಟೆ ಕ್ಲಿಪ್ಪುಗಳನ್ನು ಸಿಕ್ಕಿಸುತ್ತಿದ್ದವು. ನಿಮ್ಮ ಬಣ್ಣದ ಕ್ಲಿಪ್ಪು ಕೈಗೆ ಸಿಕ್ಕರೆ ಮಾತ್ರ ರಿಮೋಟ್ ಹಚ್ಚಬೇಕು. ಈಗಿನ 2.4 ಗಿಗಾಹರ್ಟ್ಜ್ ರಿಮೋಟುಗಳು ತಮ್ಮ ರಿಸೀವರನ್ನು ಗುರುತು ಹಿಡಿದಿರುತ್ತವೆ, ಈ ತೊಂದರೆ ಇಲ್ಲ. ಕಡಿಮೆ ಶಕ್ತಿಯ ಉಪಕರಣಗಳಿಗೆ ಭಾರತದಲ್ಲಿ 2005ರಿಂದ ಈ ತರಂಗಪಟ್ಟಿಗೆ ಲೈಸೆನ್ಸೂ ಬೇಕಿಲ್ಲ. ಆದರೆ ಅಗ್ಗದ ಕಾರುಗಳಲ್ಲಿ 27 ಮೆಗಾಹರ್ಟ್ಜ್ ಇನ್ನೂ ಬರುತ್ತದೆ. ಹೊಸ ಹುಡುಗ ಅಂಥದ್ದನ್ನು ತಂದರೆ ವಾಪಸ್ ಕಳಿಸಬೇಡಿ. ಬಟ್ಟೆ ಕ್ಲಿಪ್ಪು ಎಲ್ಲರ ಮನೆಯಲ್ಲೂ ಇದೆ.

ಇನ್ನು ಕಣ. ಈ ಶಬ್ದವನ್ನು ಬೇಕೆಂದೇ ಬಳಸುತ್ತಿದ್ದೇನೆ. ಹಂತಿ ಹೊಡೆಯುವ ಮೊದಲು ನಮ್ಮ ಹಿರಿಯರು ಕಣ ಮಾಡುತ್ತಿದ್ದ ಬಗೆ ನೆನಪಿಸಿಕೊಳ್ಳಿ. ನೆಲ ಕೆತ್ತಿ, ನೀರು ಚಿಮುಕಿಸಿ, ರೋಣಗಲ್ಲು ಎಳೆದು ಗಟ್ಟಿ ಮಾಡಿ, ಸಗಣಿ ಸಾರಿಸಿ ಒಣಗಲು ಬಿಡುತ್ತಿದ್ದರು. ಮಣ್ಣಿನ ಆರ್‌ಸಿ ಟ್ರ್ಯಾಕಿಗೆ ಬೇಕಾದದ್ದು ಇದೇ ಕೆಲಸ. ದೂಳು ಏಳಬಾರದು, ಟೈರು ಕಚ್ಚಬೇಕು, ಗುಂಡಿ ಬೀಳಬಾರದು. ಸಿರುಗುಪ್ಪದ ಎರೆಮಣ್ಣು ಒದ್ದೆಯಾದರೆ ಚಕ್ರಕ್ಕೆ ಮೆತ್ತಿಕೊಳ್ಳುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಅಲ್ಲಿ ಮೇಲೊಂದು ಪದರ ಗರಸು ಹರವಿ ರೋಣಗಲ್ಲು ಎಳೆಯಬೇಕು. ಕೆಂಪು ನೆಲ ಸಿಕ್ಕರೆ ಕೆಲಸ ಹಗುರ. ಟ್ರ್ಯಾಕಿನ ಅಗಲ ಮೂರು ಮೀಟರಿಗಿಂತ ಕಡಿಮೆ ಬೇಡ, ಎರಡು ಕಾರು ಅಕ್ಕಪಕ್ಕ ಹೋಗುವಷ್ಟು ಜಾಗ ಇರಲೇಬೇಕು. ಅಂಚಿಗೆ ಹೊಲದಲ್ಲಿ ಬಿದ್ದ ಹಳೆಯ ಪೈಪು ಸಾಕು. ಕಲ್ಲು, ಇಟ್ಟಿಗೆ ಇಡಬೇಡಿ, ಕಾರು ಬಡಿದರೆ ಮುಂದಿನ ತೋಳು ಮುರಿಯುತ್ತದೆ. ಓಡಿಸುವವರು ನೆಲದ ಮೇಲೆ ನಿಂತರೆ ದೂರದ ತಿರುವು ಕಾಣುವುದಿಲ್ಲ. ಎತ್ತರ ಬೇಕು. ಟ್ರ್ಯಾಕ್ಟರಿನ ಟ್ರೇಲರನ್ನು ಒಂದು ಬದಿಗೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟರೆ ಆರು ಜನ ಆರಾಮವಾಗಿ ನಿಲ್ಲುತ್ತಾರೆ.

ಈಗ ನಾನು ಎಲ್ಲಕ್ಕಿಂತ ಮುಖ್ಯವೆಂದು ತಿಳಿದಿರುವ ಸಂಗತಿಗೆ ಬರುತ್ತೇನೆ: ಮಾರ್ಷಲ್‌ಗಳು. ಓಟದ ನಡುವೆ ಕಾರುಗಳು ಪಲ್ಟಿ ಹೊಡೆಯುತ್ತವೆ, ಪೈಪಿಗೆ ಸಿಕ್ಕಿಕೊಳ್ಳುತ್ತವೆ. ಓಡಿಸುವವನು ಟ್ರೇಲರಿನಿಂದ ಇಳಿದು ಬರುವಂತಿಲ್ಲ. ತಿರುವಿನಲ್ಲಿ ನಿಂತ ಮಾರ್ಷಲ್ ಅದನ್ನು ಎತ್ತಿ ನಿಲ್ಲಿಸಬೇಕು. ಮಾರ್ಷಲ್ ಎರಡು ಸೆಕೆಂಡಿನಲ್ಲಿ ಬಂದರೆ ನೀವು ಪಂದ್ಯದಲ್ಲೇ ಇರುತ್ತೀರಿ, ಇಪ್ಪತ್ತು ಸೆಕೆಂಡು ಆದರೆ ಪಂದ್ಯ ಮುಗಿಯಿತು. ಅತಿ ಹೆಚ್ಚು ಪಲ್ಟಿ ಹೊಡೆಯುವವರು ಹೊಸಬರು. ಆದ್ದರಿಂದ ಮಾರ್ಷಲ್ ವ್ಯವಸ್ಥೆ ಕೆಟ್ಟರೆ ಮೊದಲು ಸೋಲುವವರೂ ಅವರೇ.

ಲೋಕವೆಲ್ಲ ಪಾಲಿಸುವ ಪದ್ಧತಿ ಹೀಗಿದೆ. ನಿಮ್ಮ ಓಟ ಮುಗಿದ ಕೂಡಲೇ ಕಾರನ್ನು ಮೇಜಿನ ಮೇಲಿಟ್ಟು, ಮುಂದಿನ ಓಟಕ್ಕೆ ನೀವೇ ಮಾರ್ಷಲ್ ಆಗಿ ನಿಲ್ಲಬೇಕು. ಮೊದಲ ಓಟಕ್ಕೆ ಕೊನೆಯ ಓಟದವರು ನಿಲ್ಲುತ್ತಾರೆ. ನಿಮ್ಮ ಕಾರಿನ ನಂಬರ್ ಮೂರಾದರೆ ಟ್ರ್ಯಾಕಿನಲ್ಲಿ ಮೂರು ಎಂದು ಬರೆದ ಜಾಗ ನಿಮ್ಮದು. ಆರೂ ಜಾಗದಲ್ಲಿ ಜನ ನಿಂತದ್ದನ್ನು ನೋಡುವ ತನಕ ರೆಫರಿ ಸೀಟಿ ಊದಬಾರದು. ಬಾರದವನಿಗೆ ಶಿಕ್ಷೆ ಏನು? ದುಡ್ಡಿನ ದಂಡ ಬೇಡ, ಇದ್ದವನು ಕೊಟ್ಟು ಸುಮ್ಮನಾಗುತ್ತಾನೆ. ಅವನ ಅತ್ಯುತ್ತಮ ಸರದಿಯ ಫಲಿತಾಂಶವನ್ನು ಅಳಿಸಬೇಕು. ಕಟುವಾಗಿ ಕಾಣಬಹುದು, ಆದರೆ ಒಂದೇ ಸಲ ಪಾಲಿಸಿದರೆ ಮುಂದೆ ಯಾರೂ ತಪ್ಪಿಸಿಕೊಳ್ಳುವುದಿಲ್ಲ.

ಮಾರ್ಷಲ್ ಆಗಿ ನಿಂತಾಗ ಚಪ್ಪಲಿ ಬೇಡ, ಶೂ ಹಾಕಿ. ಒಂದೂವರೆ ಕಿಲೋ ಕಾರು ಗಂಟೆಗೆ 50 ಕಿಲೋಮೀಟರಿನಲ್ಲಿ ಬಂದರೆ ಸೆಕೆಂಡಿಗೆ 14 ಮೀಟರ್ ಆಯಿತು, ಕಾಲಿನ ಮೂಳೆಗೆ ಬಡಿದರೆ ಏನಾಗುತ್ತದೆ ಎಂದು ಯೋಚಿಸಿ. ಫೋನು ಜೇಬಿನಲ್ಲೇ ಇರಲಿ. ಬಿದ್ದ ಕಾರಿನ ಕಡೆ ನುಗ್ಗುವ ಮೊದಲು ಬರುವ ಕಾರುಗಳ ಕಡೆ ನೋಡಿ. ಎರಡು ಕಾರು ಬಿದ್ದಿದ್ದರೆ ಹತ್ತಿರದ್ದು ಮೊದಲು, ಗೆಳೆಯನದ್ದು ಮೊದಲಲ್ಲ. ಕೆಟ್ಟ ಕಾರನ್ನು ಅಲ್ಲೇ ರಿಪೇರಿ ಮಾಡುತ್ತಾ ಕೂರಬೇಡಿ, ಬದಿಗೆ ಇಡಿ. ಟ್ರೇಲರಿನ ಮೇಲೆ ನಿಂತವರಿಗೂ ಒಂದು ಮಾತು: ಮಾರ್ಷಲ್‌ನನ್ನು ಬೈದವನಿಗೆ ಮೊದಲ ಸಲ ಎಚ್ಚರಿಕೆ, ಎರಡನೇ ಸಲ ಕಾರು ಹೊರಗೆ. ಬೈಸಿಕೊಂಡ ಹನ್ನೆರಡು ವರ್ಷದ ಹುಡುಗಿ ಮತ್ತೆ ಆ ತಿರುವಿನಲ್ಲಿ ನಿಲ್ಲಲು ಯಾಕೆ ಬರಬೇಕು?

ಓಟದ ಲೆಕ್ಕ ಕಲ್ಲು ಎಳೆಸುವ ಲೆಕ್ಕವೇ. ಇಷ್ಟು ಸುತ್ತು ಯಾರು ಮೊದಲು ಮುಗಿಸಿದರು ಎಂದು ನೋಡುವುದಿಲ್ಲ, ಐದು ನಿಮಿಷದಲ್ಲಿ ಎಷ್ಟು ಸುತ್ತು ಎಂದು ನೋಡುತ್ತೇವೆ. ಐದು ನಿಮಿಷದ ಸೀಟಿ ಊದಿದಾಗ ನಡೆಯುತ್ತಿರುವ ಸುತ್ತನ್ನು ಪೂರ್ತಿ ಮಾಡಬೇಕು. ನೀವು 14 ಸುತ್ತನ್ನು 5 ನಿಮಿಷ 6 ಸೆಕೆಂಡಿಗೆ ಮುಗಿಸಿದಿರಿ, ನಿಮ್ಮ ಗೆಳೆಯ 14 ಸುತ್ತನ್ನು 5 ನಿಮಿಷ 12 ಸೆಕೆಂಡಿಗೆ, ಮತ್ತೊಬ್ಬ 13 ಸುತ್ತನ್ನು 5 ನಿಮಿಷ 1 ಸೆಕೆಂಡಿಗೆ. ನೀವು ಮೊದಲು, ಗೆಳೆಯ ಎರಡನೆಯವನು, 13 ಸುತ್ತಿನವನು ಮೂರನೆಯವನು. ಈ ಪದ್ಧತಿಯ ದೊಡ್ಡ ಅನುಕೂಲವೆಂದರೆ ನಿಧಾನಗಾರನಿಗೂ ಪೂರ್ತಿ ಐದು ನಿಮಿಷ ಸಿಗುತ್ತದೆ, ದಿನದ ವೇಳಾಪಟ್ಟಿಯೂ ತಪ್ಪುವುದಿಲ್ಲ.

ಬೆಳಿಗ್ಗೆ ಎಲ್ಲರಿಗೂ ಮೂರು ಸರದಿ ಕೊಡಿ, ಅದರಲ್ಲಿ ಒಳ್ಳೆಯ ಎರಡನ್ನು ಲೆಕ್ಕಕ್ಕೆ ಹಿಡಿಯಿರಿ. ಒಂದು ಸಲ ಬ್ಯಾಟರಿ ತಂತಿ ಬಿಚ್ಚಿಕೊಂಡರೆ ದಿನವೇ ಹಾಳಾಗಬಾರದು. ಆ ಫಲಿತಾಂಶದ ಮೇಲೆ ಮೊದಲ ಐವರು ಎ ಫೈನಲ್, ಉಳಿದವರು ಬಿ ಫೈನಲ್. ಬಿ ಫೈನಲನ್ನು ಮೊದಲು ನಡೆಸಿ, ಅದರಲ್ಲಿ ಗೆದ್ದವನಿಗೆ ಎ ಫೈನಲಿನ ಆರನೇ ಜಾಗ ಕೊಡಬೇಕು. ಹೊರದೇಶಗಳಲ್ಲಿ ಇದಕ್ಕೆ ಬಂಪ್ ಅಪ್ ಎನ್ನುತ್ತಾರೆ. ನಾನು ಕಂಡ ನಿಯಮಗಳಲ್ಲೇ ಇದು ನನಗೆ ಬಹಳ ಪ್ರೀತಿಯದು. ಮಧ್ಯಾಹ್ನ ಊಟಕ್ಕೆ ಕೂತಾಗ ಕೊನೆಯ ಸ್ಥಾನದವನಿಗೂ ಗೆಲ್ಲುವ ದಾರಿ ತೆರೆದೇ ಇರುತ್ತದೆ, ಅವನು ಮಿರ್ಚಿ ಒಗ್ಗಾಣಿ ತಿಂದು ಮನೆಗೆ ಹೊರಡುವುದಿಲ್ಲ.

ಸುತ್ತು ಎಣಿಸುವುದು ಹೇಗೆ? ದೊಡ್ಡ ಕ್ಲಬ್ಬುಗಳಲ್ಲಿ ಪ್ರತಿ ಕಾರಿಗೂ ಟ್ರಾನ್ಸ್‌ಪಾಂಡರ್ ಎಂಬ ಪುಟ್ಟ ಸಾಧನ ಇರುತ್ತದೆ. ಗೆರೆಯ ಕೆಳಗೆ ಹೂತ ತಂತಿಯ ಮೇಲೆ ಕಾರು ಹಾದಾಗ ಅದರ ನಂಬರು ಕಂಪ್ಯೂಟರಿಗೆ ತಲುಪುತ್ತದೆ. ಕರಾವಳಿಯ ಕಂಬಳವೂ ಈ ದಾರಿಯಲ್ಲೇ ನಡೆಯಿತು. ಗೆರೆಯಲ್ಲಿ ಸೆನ್ಸರ್ ಬಂದಮೇಲೆ ಸೆಕೆಂಡಿನ ನೂರನೇ ಒಂದು ಭಾಗದ ತನಕ ಲೆಕ್ಕ ಸಿಗುತ್ತಿದೆ. 2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಓಟಗಾರನೊಬ್ಬ 142.5 ಮೀಟರಿನ ಕರೆಯನ್ನು, ಎಂದರೆ ಕಂಬಳದ ಓಟದ ಗದ್ದೆಯನ್ನು, 13.62 ಸೆಕೆಂಡಿನಲ್ಲಿ ಓಡಿದ ಸುದ್ದಿ ದೇಶವೆಲ್ಲ ಹಬ್ಬಿ, ಅದನ್ನು ನೂರು ಮೀಟರಿಗೆ ಇಳಿಸಿ 9.55 ಎಂದು ಲೆಕ್ಕ ಹಾಕಿ ನೂರು ಮೀಟರ್ ಓಟದ ವಿಶ್ವದಾಖಲೆಗೆ ಹೋಲಿಸಿದರು. ಬೇರೆ ಬೇರೆ ನೆಲದ ಸಮಯವನ್ನು ಹಾಗೆ ಹೋಲಿಸಲು ಬರುವುದಿಲ್ಲ. ನೀವು ಕುರುಗೋಡಿನ ಸಮಯವನ್ನು ಸಿರುಗುಪ್ಪದ ಸಮಯದ ಪಕ್ಕಕ್ಕಿಟ್ಟು ನೋಡಬೇಡಿ, ಪ್ರತಿ ಊರಿನಲ್ಲಿ ಬಂದ ಸ್ಥಾನಕ್ಕೆ ಅಂಕ ಕೊಡಿ. ಯಂತ್ರ ಕೊಳ್ಳುವ ತನಕ ಕಾಗದ ಪೆನ್ಸಿಲ್ ಸಾಕು. ಒಂದು ಕಾರಿಗೆ ಒಬ್ಬ ಎಣಿಕೆಯವನು, ಅವನು ಆ ಓಟದಲ್ಲಿ ಇಲ್ಲದವನಾಗಿರಬೇಕು, ಪ್ರತಿ ಸುತ್ತಿಗೂ ಗೆರೆ ಎಳೆಯಬೇಕು. ಕೈ ಎಣಿಕೆ ಇರುವಷ್ಟು ದಿನ ಒಂದು ಓಟಕ್ಕೆ ಆರು ಕಾರಿಗಿಂತ ಹೆಚ್ಚು ಬಿಡಬೇಡಿ. ಫಲಿತಾಂಶದ ಹಾಳೆಯನ್ನು ಹತ್ತು ನಿಮಿಷದೊಳಗೆ ಗೋಡೆಗೆ ಅಂಟಿಸಿ. ತಕರಾರಿದ್ದರೆ ಅಂಟಿಸಿದ ಹದಿನೈದು ನಿಮಿಷದೊಳಗೆ ಬರೆದು ಕೊಡಬೇಕು, ಆಮೇಲೆ ಇಲ್ಲ. ರೆಫರಿ ಆದವನು ಆ ದಿನ ಕಾರು ಓಡಿಸಬಾರದು.

ನಿಯಮವನ್ನು ಬರೆದೇ ಇಡಬೇಕು ಎಂದು ಒತ್ತಿ ಹೇಳಲು ಕಾರಣವಿದೆ. 2014ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಎತ್ತಿನ ಬಂಡಿ ಓಟಗಳಿಗೆ ತಡೆ ಬಿತ್ತು. ಕರ್ನಾಟಕ 2017ರಲ್ಲಿ ಕಂಬಳಕ್ಕೂ ಬಂಡಿ ಓಟಕ್ಕೂ ಕಾಯ್ದೆ ತಿದ್ದಿತು, 2023ರ ಮೇ 18ರಂದು ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿ ಹಿಡಿಯಿತು. ಹಾಗೆ ಮರಳಿ ಬಂದ ಓಟಗಳು ಷರತ್ತುಗಳ ಒಳಗೆ ನಡೆಯಬೇಕು. ನಮ್ಮ ಕಾರುಗಳಿಗೆ ನೋವಿಲ್ಲ ನಿಜ. ಆದರೆ ನಾಳೆ ಮೈದಾನ ಕೊಡುವ ಶಾಲೆಯವರು, ಮಗಳನ್ನು ಕಳಿಸುವ ತಾಯಿ ಮೊದಲು ಕೇಳುವುದು, ಏನಾದರೂ ಆದರೆ ಯಾರು ಜವಾಬ್ದಾರರು ಎಂದೇ. ಒಂದೇ ಹಾಳೆ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ನಮ್ಮ ಕಡೆ ತೆಲುಗಿನವರೂ ಬಹಳ ಇದ್ದಾರೆ, ಬೆಳಿಗ್ಗೆ ಮೈಕಿನಲ್ಲಿ ಎರಡೂ ಭಾಷೆಯಲ್ಲಿ ಓದಿ ಹೇಳಿ. ವರ್ಷದ ನಡುವೆ ನಿಯಮ ಬದಲಿಸಬಾರದು ಎಂಬುದೂ ಆ ಹಾಳೆಯಲ್ಲೇ ಇರಲಿ.

ಸುರಕ್ಷತೆಯಲ್ಲಿ ನನಗೆ ಭಯವಿರುವುದು ಲಿಪೋ ಬ್ಯಾಟರಿಯದು. ಉಬ್ಬಿದ ಬ್ಯಾಟರಿಯನ್ನು ಬಳಸಲೇಬೇಡಿ. ಲಿಪೋ ಚಾರ್ಜರಿನಲ್ಲೇ, ಬ್ಯಾಲೆನ್ಸ್ ತಂತಿ ಹಾಕಿಯೇ ಚಾರ್ಜ್ ಮಾಡಿ, ಪಕ್ಕದಲ್ಲಿ ಒಬ್ಬರು ಕೂತಿರಲಿ. ಸೆಲ್ 3 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ಮೇಜಿನ ಹತ್ತಿರ ಎರಡು ಬಕೆಟ್ ಒಣ ಮರಳು ಇಡಿ. ಬಳ್ಳಾರಿಯ ಬಿಸಿಲು ಏಪ್ರಿಲಿನಲ್ಲಿ 40 ಡಿಗ್ರಿ ದಾಟುತ್ತದೆ, ಆಗ ಕಾರಿನ ಡಿಕ್ಕಿಯಲ್ಲಿ ಬ್ಯಾಟರಿ ಬಿಟ್ಟು ಹೋಗುವುದು ಅಪಾಯ. ನವೆಂಬರಿನಿಂದ ಫೆಬ್ರುವರಿ ತನಕ ಓಟ ಇಟ್ಟುಕೊಂಡರೆ ಬ್ಯಾಟರಿಗೂ ಮಕ್ಕಳಿಗೂ ಒಳ್ಳೆಯದು. ಭತ್ತದ ಕೊಯ್ಲು ಮುಗಿದು ಜಾಗವೂ ಸಿಗುತ್ತದೆ.

ಮೂರು ಊರಿಗೆ ಮೂರು ಭಾನುವಾರ ಹಂಚಿಕೊಳ್ಳಿ. ಮೊದಲನೆಯದು ಕುರುಗೋಡಿನಲ್ಲಿ ಆಗಲಿ, ಸಿರುಗುಪ್ಪದವರಿಗೂ ಬಳ್ಳಾರಿಯವರಿಗೂ ಅದು ನಡುವಿನ ದಾರಿ. ಮೂರರಲ್ಲಿ ಒಳ್ಳೆಯ ಎರಡರ ಅಂಕ ಸೇರಿಸಿ. ಬಸ್ ತಪ್ಪಿ ಒಂದು ಸಲ ಬಾರದವನೂ ಪಟ್ಟಿಯಲ್ಲಿ ಉಳಿಯುತ್ತಾನೆ. ಕಾರು ಕೊಳ್ಳಲು ಅವಸರ ಬೇಡ. ಈ ವಾರ ಊರೊಳಗೆ ಹೋಗಿ, ಯಾರ ಹಿತ್ತಿಲಲ್ಲಿ ಹಳೆಯ ರೋಣಗಲ್ಲು ಬಿದ್ದಿದೆ ಎಂದು ವಿಚಾರಿಸಿ, ಆ ಮನೆಯ ಅಜ್ಜನನ್ನು ಕೇಳಿ ಒಂದು ದಿನದ ಮಟ್ಟಿಗೆ ತನ್ನಿ. ಅಜ್ಜ ಜೊತೆಗೆ ಬರುವುದಾದರೆ ಅವರಿಗೊಂದು ಕುರ್ಚಿ ಹಾಕಿ, ನೀರು ಎಷ್ಟು ಚಿಮುಕಿಸಬೇಕು ಎಂದು ಅವರನ್ನೇ ಕೇಳಿ.